ಜನವರಿ ಒಂದರಂದು ಹುಟ್ಟಿದವರು

೧೯೮೭ರಲ್ಲಿ ಜಯನಗರದ ಒಂದು ನರ್ಸಿಂಗ್ ಹೋಮಿಗೆ ಕಂಪ್ಯೂಟರ್ ಬಂದದ್ದೇ ತಡ, ರೋಗಿಗಳ ವಿವರ ತುಂಬುವ ಗುಮಾಸ್ತ ಚಿಕ್ಕಹೊನ್ನಯ್ಯನಿಗೆ ಕೊಂಬು ಮೂಡಿತು. ಕಂಪ್ಯೂಟರ್ ಇಟ್ಟಿದ್ದ ಏಸಿ ಕೋಣೆಯ ಹೊರಗೇ ಎಲ್ಲರ ಚಪ್ಪಲಿ ಬಿಡಿಸುತ್ತಿದ್ದ. ಹುಟ್ಟಿದ ತಾರೀಖು ತುಂಬದೆ ಆ ಯಂತ್ರ ಮುಂದಕ್ಕೆ ಹೋಗುತ್ತಿರಲಿಲ್ಲ.

ಗೊಟ್ಟಿಗೆರೆಯ ಮುದುಕಿ ಮುನಿವೆಂಕಟಮ್ಮ ಎದೆ ಹಿಡಿದುಕೊಂಡು ಬಂದು, "ಪ್ಲೇಗ್ ಬಂದ ವರ್ಷ ಹುಟ್ಟಿದ್ದು ಕಣಪ್ಪ" ಎಂದಳು.

"ತಾರೀಖೇ ಗೊತ್ತಿಲ್ವಾ? ಎಲ್ಲಿಂದ ಬರ್ತಾರೋ ಇಂಥೋರು!" ಎಂದು ಮೂಗು ಮುರಿದ ಅವನು ಎಂದಿನಂತೆ ಜನವರಿ ಒಂದು ಎಂದು ಒತ್ತಿದ. ಆ ಯಂತ್ರದೊಳಗಿನ ಮುದುಕ ಮುದುಕಿಯರೆಲ್ಲ ಹುಟ್ಟಿದ್ದು ಅವತ್ತೇ.

ಮಗನಿಗೆ ಬುತ್ತಿ ತಂದಿದ್ದ ಚಿಕ್ಕಹೊನ್ನಯ್ಯನ ತಾಯಿ ಮಂಗಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. "ಏನೋ ನಿನ್ ಜಂಬ? ನೀನು ಹುಟ್ಟಿದ್ದು ರಾಗಿ ಕುಯ್ಲಲ್ಲಿ. ಜೂನ್ ಒಂದು ಅಂತ ಬರ್ಕೊಂಡಿದ್ದು ಇಸ್ಕೂಲ್ ಮೇಷ್ಟ್ರು. ಎದ್ದೇಳೋ ಮೇಲೆ, ಆಯಮ್ಮನ್ನ ಕೂರ್ಸು!"