ಬಂಗಲೆ ಬುಕ್ಕಿನ ಯಜಮಾನ

"ಗಂಡಸ್ರು ಇಂದ್ಗಡೆ ಬತ್ತಾವ್ರಾ ಅವ್ವಾ?"

ಏಳು ಮೈಲಿ ಬೆಟ್ಟ ಹತ್ತಿ ಬಂದ ನಮ್ಮನ್ನು ಬಂಗಲೆ ಕಾಯುವ ಮೇಟಿ ಕೇಳಿದ ಮೊದಲ ಮಾತು ಇದು. ನೀರು ಬೇಕಾ ಅಂತ ಕೂಡ ಅಲ್ಲ.

ಎಪ್ಪತ್ತರ ದಶಕದ ಮಾತು. ನಾನಾಗ ಕೊಪ್ಪದಲ್ಲಿ ಟೀಚರ್. ಜೊತೆಗಿದ್ದವರು ಅದೇ ಸ್ಕೂಲಿನ ಜಯಮ್ಮ, ಸರೋಜ. ಮೂವರಿಗೂ ಮದುವೆ ಆಗಿರಲಿಲ್ಲ.

ಮಳವಳ್ಳಿಯಿಂದಾಚೆ ಕಾಡಿನ ಬೆಟ್ಟದ ಮೇಲೆ ಒಂದು ಸರ್ಕಾರಿ ಬಂಗಲೆ ಇದೆ, ಬೆಳಿಗ್ಗೆ ಎದ್ದರೆ ಕೆಳಗೆ ಕಾವೇರಿ ಕಾಣುತ್ತೆ ಅಂತ ಯಾರೋ ಹೇಳಿದ್ದರು. ದಸರಾ ರಜೆಯಲ್ಲಿ ಒಂದು ರಾತ್ರಿ ಅಲ್ಲಿರಬೇಕು ಅನ್ನುವುದು ನನ್ನದೇ ಹುಚ್ಚು. ಆಫೀಸಿಗೆ ಮೂರು ಸಲ ಅಲೆದು ನನ್ನ ಹೆಸರಿಗೇ ಪರ್ಮಿಷನ್ ಚೀಟಿ ಬರೆಸಿಕೊಂಡಿದ್ದೆ.

ಬಸ್ಸು ಇಳಿದ ಮೇಲೆ ದಾರಿಯೆಂದರೆ ಬರೀ ಕಲ್ಲು, ಮುಳ್ಳು, ಅಲ್ಲಲ್ಲಿ ಹಸಿ ಆನೆ ಲದ್ದಿ. ಸರೋಜಳ ಹವಾಯಿ ಚಪ್ಪಲಿ ಅರ್ಧದಲ್ಲೇ ಕಿತ್ತುಹೋಗಿ, ಬಂಗಲೆ ಮುಟ್ಟುವಾಗ ಹಿಮ್ಮಡಿಯಲ್ಲಿ ರಕ್ತ.

ಚೀಟಿ ಹಿಡಿದೆ. ಮೇಟಿಗೆ ಓದು ಬಾರದು. ಸೀಲು ನೋಡಿ ವಾಪಸ್ ಕೊಟ್ಟ.

"ಬರೀ ಎಂಗಸ್ರಿಗೆ ಬಾಗ್ಲು ತೆಗಿಯಂಗಿಲ್ಲ ಕಣವ್ವ. ಬುಕ್ಕಲ್ಲಿ ಯಜಮಾನ್ರ ಎಸ್ರು ಬರೀಬೇಕು. ಓದ್ಸಲ ಸಾಯೇಬ್ರು ಬುಕ್ಕು ನೋಡಿ ಉಗುದ್ರು. ನನ್ನ ಕೆಲ್ಸ ಓಯ್ತದೆ."

"ಯಜಮಾನಿ ನಾನೇ. ನನ್ನ ಹೆಸರು ಬರೀತೀನಿ" ಅಂದೆ.

ಅವನು ನಕ್ಕ. ನನಗೆ ಪಿತ್ತ ನೆತ್ತಿಗೇರಿತು...

ಬಿಸಿಲು ಇಳಿಯುತ್ತಿತ್ತು. ಕೆಳಗಿಳಿಯಬೇಕೆಂದರೆ ಮತ್ತೆ ಏಳು ಮೈಲಿ, ಅದೂ ಆನೆ ಓಡಾಡುವ ಹೊತ್ತು. ಸರೋಜ ಜಗಲಿ ಮೇಲೆ ಕೂತು ಕಾಲು ಹಿಡಿದುಕೊಂಡು ಅಳುತ್ತಿದ್ದಳು.

ಆಗ ಆಡು ಹೊಡೆದುಕೊಂಡು ಒಬ್ಬ ಮುದುಕ ಬಂದ. ಹೆಸರು ಕರಿಯಪ್ಪ. ಮೇಟಿಯ ಮುಖ ಅರಳಿತು.

"ಬಾಣ್ಣೋ, ಇಲ್ಲೊಂದು ಎಬ್ಬೆಟ್ಟು ಒತ್ತು!"

"ನಾನು ಇವ್ರಿಗೇನಾಗ್ಬೇಕು ಬುಡಪ್ಪ, ಆಡು ಕಾಯೋನು" ಅಂತ ಪಾಪ ಅವನೇ ಹಿಂಜರಿದ.

"ಇವರು ನಮ್ಮ ಜೊತೆ ಇಲ್ಲಿ ಉಳಿಯೋದೇ ಇಲ್ಲವಲ್ಲ?" ಅಂತ ನಾನು ರೇಗಿದೆ.

"ಉಳೀದಿದ್ರೆ ಏನಾಯ್ತು? ಬುಕ್ಕಲ್ಲಿ ಒಬ್ಬ ಗಂಡ್ಸು ಇರ್ಬೇಕು, ಅಷ್ಟೇಯ."

ಸೀಲು ಹಾಕಿದ ಚೀಟಿಗೆ ಬೆಲೆ ಇಲ್ಲ, ಸರ್ಕಾರಿ ಸಂಬಳ ಎಣಿಸುವ ಮೂವರು ಹೆಂಗಸರಿಗೆ ಬೆಲೆ ಇಲ್ಲ. ಈಗ ಬರೆಯುವಾಗಲೂ ಮೈ ಉರಿಯುತ್ತಿದೆ.

"ನಾನು ಬರೆಯಲ್ಲ. ವಾಪಸ್ ಹೋಗೋಣ" ಅಂದೆ.

ಜಯಮ್ಮ ನನ್ನ ರಟ್ಟೆ ಹಿಡಿದಳು. "ಲೇ, ನಿನ್ನ ಹಟಕ್ಕೆ ಅವಳು ಯಾಕೆ ಸಾಯ್ಬೇಕು? ಅವಳ ಕಾಲು ನೋಡು!"

ನೋಡಿದೆ.

ಮೇಟಿ ಬುಕ್ಕು ತಂದು ನನ್ನ ಮುಂದೆಯೇ ಇಟ್ಟ. ಅವನಿಗೆ ಬರೆಯಲು ಬಾರದು, ಕರಿಯಪ್ಪನಿಗೂ ಬಾರದು. ಅಲ್ಲಿ ಅಕ್ಷರ ಬರುತ್ತಿದ್ದದ್ದು ನಮಗೆ ಮೂವರಿಗೇ.

ಬರೆದೆ. ಯಜಮಾನರ ಹೆಸರು: ಕರಿಯಪ್ಪ. ಸಂಬಂಧ: ಅಣ್ಣ.

ನನ್ನ ಪೆನ್ನಿನ ಇಂಕನ್ನೇ ಅವನ ಹೆಬ್ಬೆಟ್ಟಿಗೆ ಒದರಿ ಒತ್ತಿಸಿಕೊಂಡೆ. "ತಪ್ಪು ತಿಳ್ಕಬೇಡಿ ಕಣವ್ವ" ಅಂದು ಅವನು ಆಡು ಅಟ್ಟಿಕೊಂಡು ಹೊರಟುಹೋದ. ಬಾಗಿಲು ತೆರೆಯಿತು.

ಬೆಳಿಗ್ಗೆ ಕಾವೇರಿ ಕಾಣಿಸಿತಂತೆ. ಜಯಮ್ಮ, ಸರೋಜ ಕೂಗಾಡಿ ಕರೆದರು. ನಾನು ಗೋಡೆಗೆ ಮುಖ ಹಾಕಿ ಮಲಗಿಯೇ ಇದ್ದೆ.

ಮೇಟಿ ಮೇಲಿನ ಸಿಟ್ಟು ಮಳವಳ್ಳಿ ತಲುಪುವಷ್ಟರಲ್ಲಿ ಇಳಿಯಿತು. ಅವನು ಹೊಟ್ಟೆಪಾಡಿಗೆ ಹೆದರಿದವನು. ಆ ರೂಲ್ಸು ಮಾಡಿದವರ ಮೇಲಿನ ಸಿಟ್ಟು ಇವತ್ತಿಗೂ ಇದೆ, ಸಾಯುವವರೆಗೂ ಇರಲಿ.

ಆದರೆ ನನ್ನ ಮೇಲಿನ ಸಿಟ್ಟನ್ನು ಏನು ಮಾಡಲಿ? ಹೆಣ್ಣುಮಕ್ಕಳ ಕೈ ಹಿಡಿದು ದಿನಾ ಅವರವರ ಹೆಸರು ತಿದ್ದಿಸುತ್ತಿದ್ದವಳು, ಆ ಬುಕ್ಕಿನಲ್ಲಿ ನನ್ನ ಹೆಸರು ಎಲ್ಲೂ ಬರೆಯಲಿಲ್ಲ.

ಸರೋಜಳ ಕಾಲು ನೋಡಿದ ಮೇಲೆ ನೀವಾಗಿದ್ದರೆ ಏನು ಬರೀತಿದ್ರಿ?