ಒಂಬತ್ತು ಲಕ್ಷ ಎಂಬತ್ತೆಂಟು ಸಾವಿರದ ಇಪ್ಪತ್ತೇಳು

ಕೆಂಪಾಪುರದ ಮನೆಯ ಹಜಾರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ ಸರಳಾ ಯಾವ ಸಂಖ್ಯೆಯನ್ನೂ ಸುಮ್ಮನೆ ಬಿಟ್ಟವಳಲ್ಲ. ಬಸ್ಸಿನ ನಂಬರು, ಕರೆಂಟು ಮೀಟರಿನ ನಂಬರು, ಕಂಡದ್ದನ್ನೆಲ್ಲ ಇದು ಪೂರ್ಣವರ್ಗ, ಇದು ಅವಿಭಾಜ್ಯ ಎಂದು ಪಂಗಡಕ್ಕೆ ಸೇರಿಸಬೇಕು. "ಹೆಣ್ಣ್ ನೋಡಾಕ್ ಬಂದೋರಂಗೆ ನಂಬರ್‌ಗೂ ಕುಲಗೋತ್ರ ಕೇಳ್ತಾಳೆ ನಮ್ ಸೊಸೆ" ಎಂದು ಅತ್ತೆ ದ್ರೌಪದಮ್ಮ ಆಡಿಕೊಳ್ಳುತ್ತಿದ್ದರು.

ಐದು ವರ್ಷದ ಮಗಳು ಧನುಶ್ರೀಗೆ ಡೆಂಗಿ ಜೋರಾಗಿ ಹೆಬ್ಬಾಳದ ಆಸ್ಪತ್ರೆಯ ಐಸಿಯು ಸೇರಿದಾಗ ಅವಳ ಮಣಿಕಟ್ಟಿನ ಪಟ್ಟಿಯ ಮೇಲೆ 988027 ಎಂದಿತ್ತು. ಸರಳಾ ಹೊರಗಿನ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡಳು. ಇದು ಅವಿಭಾಜ್ಯವಾಗಿದ್ದರೆ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದಕ್ಕೂ ಒಡೆಯದಿದ್ದರೆ, ಮಗು ಉಳಿಯುತ್ತದೆ.

ಮೊಬೈಲ್ ಒತ್ತಿದ್ದರೆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಒತ್ತಲಿಲ್ಲ. ಕೈಯಲ್ಲೇ ಮಾಡದಿದ್ದರೆ ಅದೆಂಥ ಹರಕೆ? ಸಂಖ್ಯೆಯ ವರ್ಗಮೂಲ 994ರ ಹತ್ತಿರ. ಅದರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು ನೂರ ಅರವತ್ತೇಳು. ಲ್ಯಾಬ್ ರಿಪೋರ್ಟಿನ ಹಿಂಬದಿಯಲ್ಲಿ ಶುರು ಮಾಡಿದಳು. ಮೂರರಿಂದ ಹೋಗಲಿಲ್ಲ. ಏಳರಿಂದ ಹೋಗಲಿಲ್ಲ. ಹನ್ನೊಂದರಿಂದಲೂ ಇಲ್ಲ. ಪ್ರತಿ ಸಲವೂ ಒಂದು ಉಸಿರು ಬಿಡುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ 983 ಮುಗಿಯಿತು. ಇನ್ನು 991 ಒಂದೇ. ಅಷ್ಟರಲ್ಲಿ ನರ್ಸ್ ನಿಂಗವ್ವ ಬಾಗಿಲು ತೆರೆದಳು. "ಬರ್ರೀ ಮೇಡಂ, ಕೂಸು ಕಣ್ ಬಿಟ್ಟೈತಿ! ಅಮ್ಮ ಎಲ್ಲಿ ಅಂತ ಕೇಳಾಕತ್ತೈತಿ."

ಹಾಳೆ ಬ್ಯಾಗಿಗೆ ತುರುಕಿ ಓಡಿದಳು. ನೂರ ಅರವತ್ತಾರು ಸಂಖ್ಯೆಗಳಿಂದ ಹೋಗದ್ದು ಇನ್ನೊಂದರಿಂದ ಹೋಗುತ್ತಾ? ಗಂಡ ರಘುನಾಥ್‌ನ ಕೈ ಹಿಡಿದು, "ಅವಿಭಾಜ್ಯ ಕಣ್ರೀ!" ಎಂದುಬಿಟ್ಟಳು.

ಎರಡು ದಿನ ಧನು ಇಡ್ಲಿ ತಿಂದಳು, ಸೂಜಿ ಚುಚ್ಚಿದ ಕೈ ತೋರಿಸಿ ಅಪ್ಪನನ್ನು ಬೈದಳು. ಮೂರನೇ ಬೆಳಗ್ಗೆ ಬಿಪಿ ಮತ್ತೆ ಇಳಿಯಿತು. ಏರಲೇ ಇಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಮನೆ ತುಂಬ ನೆಂಟರಿರುವಾಗ, ಸರಳಾ ಕೋಣೆಯ ಬಾಗಿಲು ಮುಂದೆ ಮಾಡಿ ಆ ಹಾಳೆ ಬಿಡಿಸಿದಳು. 991ರಿಂದ ಭಾಗಿಸಿದಳು. 997 ಬಂತು. ಶೇಷ ಸೊನ್ನೆ. ಇನ್ನೊಮ್ಮೆ ಮಾಡಿದಳು. ಸೊನ್ನೆಯೇ.

ರಘುನಾಥ್ ಬಂದಾಗ ನೆಲದ ಮೇಲಿದ್ದಳು. "ಕೊನೇದು ನಾನೇ ಬಿಟ್ಟೆ ಕಣ್ರೀ. ಮಾಡದೇನೇ ಹೇಳ್ಬಿಟ್ಟೆ."

"ಆ ನಂಬರು ಮೊದ್ಲಿಂದ್ಲೂ ಹಾಗೇ ಇತ್ತಲ್ಲ ಸರಳಾ. ನೀನು ಮಾಡಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ."

ಸಮಾಧಾನಕ್ಕೆ ಹೇಳಿದ ಮಾತು. ಅದು ನಿಜವೂ ಹೌದು, ಅದೇ ಅವಳಿಗೆ ತಡೆಯಲಾಗಲಿಲ್ಲ. ಹಾಗಾದರೆ ಆ ಎರಡು ದಿನ ತಾನು ನಕ್ಕಾಗಲೂ ಅದು ಒಡೆದೇ ಇತ್ತು.

ಬಾಗಿಲಲ್ಲಿ ದ್ರೌಪದಮ್ಮ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. "ನಾನೂ ಅಮ್ನೋರ ಮೇಲೆ ಹೂವಿಕ್ಕಿಸಿ ಕೇಳಿದ್ದೆ ಕಣವ್ವಾ, ಮಗು ಉಳಿಯೋದಾದ್ರೆ ಬಲಕ್ಕೆ ಬೀಳ್ಸು ತಾಯಿ ಅಂತ" ಎಂದರು. ಸೆರಗು ಬಾಯಿಗೆ ಹೋಯಿತು. "ಬಲಕ್ಕೇ ಬಿತ್ತು."

ಸರಳಾ ಗೋಡೆಯತ್ತ ಸರಿದು, ಅತ್ತೆಗೆ ಪಕ್ಕದಲ್ಲಿ ಜಾಗ ಮಾಡಿದಳು.