ಬರಿ ತೊಟ್ಟಿಲು ತೂಗಿದ ಯುಗಾದಿ

ಕಮಲಾಪುರದ ಕೆಂಪು ಬಾಳೆಯನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪಾಪ, ಆ ಹಣ್ಣಿನ ತಪ್ಪೇನೂ ಇಲ್ಲ. ಅದು ಬೆಳೆಯುತ್ತಿದ್ದ ಹಳ್ಳದ ದಂಡೆಯ ಒಂದು ತುಂಡು ಹೊಲಕ್ಕಾಗಿ ಅಪ್ಪನ ಅಪ್ಪ ಮುತ್ಯಾನಿಂದ ಹಿಡಿದು ನನ್ನ ಮಗನವರೆಗೆ ನಮ್ಮ ಮನೆತನ ಸವೆದುಹೋಯಿತು. ನಿಜಾಮನ ಸರಕಾರದ ಕಾಲ ಅದು.

ನಮ್ಮದು ಊರಾಚೆಯ ಕೇರಿ. ಊರ ಬಾವಿಯ ಹತ್ತಿರ ನಾವು ಸುಳಿಯುವಂತಿರಲಿಲ್ಲ. ಆದರೆ ಇಬ್ಬರು ರೈತರು ಹೊಲದ ಗಡಿಗೆ ಬಡಿದಾಡಿಕೊಂಡರೆ ನಮ್ಮ ಮುತ್ಯಾನನ್ನೇ ಕರೆಸಬೇಕು, ಏಕೆಂದರೆ ಗಡಿ ಹೇಳುವುದು ನಮ್ಮ ಮನೆತನದ ಚಾಕರಿ. ನಮ್ಮ ನೆರಳು ಬೇಡ, ನಮ್ಮ ಮಾತು ಬೇಕು; ಎಂಥ ಚೆಂದದ ಮಡಿ ನೋಡಿ. ಮುತ್ಯಾ ತಣ್ಣೀರು ಸುರಿದುಕೊಂಡು, ಒದ್ದೆ ಧೋತರದಲ್ಲೇ ಆ ಹೊಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು, ಹಿಂದೆ ತಿರುಗಿ ನೋಡದೆ ನಡೆಯುತ್ತಿದ್ದ. ಅವನು ನಡೆದದ್ದೇ ಗಡಿ. ಅದಕ್ಕೊಂದು ಕರಾರು ಇತ್ತು. ಮುಂದಿನ ಯುಗಾದಿಯೊಳಗೆ ಮಣ್ಣು ಹೊತ್ತವನ ಮನೆಯಲ್ಲಿ ಸಾವಾದರೆ, ಅವನು ಸುಳ್ಳು ನಡೆದ, ಭೂಮಿತಾಯಿ ಶಿಕ್ಷೆ ಕೊಟ್ಟಳು ಎಂದು ಊರು ತೀರ್ಮಾನಿಸುತ್ತಿತ್ತು.

ಈ ಚಾಕರಿಗೆಂದೇ ಹಿಂದೆಂದೋ ಗಡಿ ಕಲ್ಲು ಹೂತು ನಮಗೆ ಬಿಟ್ಟುಕೊಟ್ಟದ್ದು ಆ ಹೊಲ. ಪಕ್ಕದಲ್ಲೇ ಗೌಡರ ತೋಟ. ಒಂದು ವರ್ಷ ಗೌಡರು ಬೇಲಿ ಸರಿಸಿ ನಮ್ಮ ಬಾಳೆಗಳನ್ನೂ ಒಳಗೆ ಹಾಕಿಕೊಂಡರು. ಮುತ್ಯಾ ಊರ ಮುಂದೆ ತನ್ನದೇ ಹೊಲಕ್ಕೆ ಮಣ್ಣು ಹೊತ್ತು ನಡೆದ. ಆ ವರ್ಷ ವಾಂತಿಭೇದಿ ಬಂತು. ಗೌಡರ ಮನೆಯಲ್ಲೂ ಹೆಣ ಬಿತ್ತು, ಆದರೆ ಲೆಕ್ಕಕ್ಕೆ ಬಂದದ್ದು ನಮ್ಮ ಆಯಿಯ ಸಾವು ಮಾತ್ರ. ಹೊಲ ಹೋಯಿತು. ಅದಕ್ಕಿಂತ ನನ್ನನ್ನು ಸುಡುವುದೆಂದರೆ, ಮುತ್ಯಾ ಕೂಡ ಅದನ್ನು ನಂಬಿಬಿಟ್ಟ. ಹೆಂಡತಿಯನ್ನು ತಾನೇ ಕೊಂದೆ ಎಂದುಕೊಂಡ. ಎಲ್ಲಿ ಹೆಜ್ಜೆ ತಪ್ಪಿದೆ ಎಂದು ಸಾಯುವವರೆಗೆ ಹಳ್ಳದ ದಂಡೆಯಲ್ಲಿ ನಡೆದು ನಡೆದು ನೋಡುತ್ತಿದ್ದ.

ನಮ್ಮಪ್ಪ ಸುಮ್ಮನೆ ಬಿಡುವ ಆಸಾಮಿಯಲ್ಲ. ರೊಟ್ಟಿ ಕಟ್ಟಿಕೊಂಡು ಕಲಬುರಗಿಗೆ ನಡೆದುಹೋಗಿ, ರೋಜಾದ ದರ್ಗಾದಲ್ಲಿ ಮುಸಾಫಿರರ ನಡುವೆ ಮಲಗೆದ್ದು, ಕಚೇರಿಯ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ. ಒಳಗಿನ ಮಾತೆಲ್ಲ ಉರ್ದು. ತನ್ನ ಹೊಲದ ಬಗ್ಗೆ ಏನಂದರೆಂದು ಜವಾನ ಹೇಳಿದಷ್ಟೇ ಅವನಿಗೆ ತಿಳಿಯಬೇಕು. ಕಡೆಗೂ ಹುಕುಂ ಆಯಿತು: ಊರಿನ ರಿವಾಜಿನಂತೆ ಮತ್ತೊಮ್ಮೆ ಗಡಿ ನಡೆಯಲಿ. ಅಪ್ಪ ಗೆದ್ದೇಬಿಟ್ಟವನಂತೆ ಮನೆಗೆ ಬಂದ. ಅವ್ವನ ಮುಖ ಮಾತ್ರ ಕಪ್ಪಿಟ್ಟಿತು. ಅವಳ ಮಡಿಲಲ್ಲಿ ನನ್ನ ತಮ್ಮನಿದ್ದ, ಇನ್ನೂ ಮೊಲೆ ಬಿಡದ ಕೂಸು.

ಅಪ್ಪ ಮಣ್ಣು ಹೊತ್ತ. ಅವ್ವ ಆ ವರ್ಷವೆಲ್ಲ ಕೂಸನ್ನು ಗಾಳಿಗೂ ಬಿಡಲಿಲ್ಲ, ಬಿಸಿಲಿಗೂ ಬಿಡಲಿಲ್ಲ. ಇನ್ನೇನು ಯುಗಾದಿ ಬಂತು ಎನ್ನುವಾಗ ಅದಕ್ಕೆ ಜ್ವರ ಹಿಡಿಯಿತು. ಒಂದು ಮಧ್ಯಾಹ್ನ ಅವ್ವನ ತೊಡೆಯ ಮೇಲೆಯೇ ಉಸಿರು ನಿಂತಿತು. ಅವ್ವ ಬಾಯಿ ತೆರೆದಳು. ಅಪ್ಪ ಅಂಗೈಯಿಂದ ಆ ಬಾಯಿ ಮುಚ್ಚಿದ.

"ಅಳಬ್ಯಾಡ," ಅಂದ. "ಯುಗಾದಿ ತನಕ ತಡಿ. ಹೊಲ ಹೋಗ್ತದ."

ದನ ಕಟ್ಟುವ ಹಿಂದಿನ ಕೋಣೆಯಲ್ಲಿ ಅಪ್ಪ ನೆಲ ಅಗೆದ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ. ಅದನ್ನು ಕಂಡವರು ಮನೆಯಲ್ಲಿ ಸಿಡುಬು ಎಂದು ತಿಳಿದು ಒಳಗೆ ಕಾಲಿಡುವುದಿಲ್ಲ. ತೊಟ್ಟಿಲಿನಲ್ಲಿ ಹರಕು ಕೌದಿ ಸುತ್ತಿಟ್ಟರು. ಕೇರಿಯಲ್ಲಿ ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ತೊಟ್ಟಿಲಿನ ಸದ್ದು ನಿಲ್ಲಬಾರದೆಂದು ನನ್ನ ಕೈಗೆ ಹಗ್ಗ ಕೊಟ್ಟು ಕೂರಿಸಿದರು. ನಾನು ತೂಗಿದೆ, ಅವ್ವ ಜೋಗುಳ ಹಾಡಿದಳು. ಹಾಡುತ್ತಲೇ ರೊಟ್ಟಿ ಬಡಿದಳು, ಹಾಡುತ್ತಲೇ ಕಸ ಹೊಡೆದಳು. ಹಾಲು ಕಟ್ಟಿಕೊಂಡು ಕುಬಸ ನೆನೆದಾಗ ಮಾತ್ರ ಎದ್ದು ಹೋಗಿ, ಹಿಂದಿನ ಕೋಣೆಯ ಆ ನೆಲಕ್ಕೇ ಹಿಂಡಿ ಬರುತ್ತಿದ್ದಳು.

ಯುಗಾದಿಯ ದಿನ ನಾವೂ ಬೇವು-ಬೆಲ್ಲ ತಿಂದೆವು. ಅಪ್ಪನ ನಡಿಗೆ ನಿಜವೆಂದು ಊರು ಒಪ್ಪಿತು. ಮರುದಿನ ಅಪ್ಪ, ಕೂಸು ಹೋಯಿತೆಂದು ಹೊರಗೆ ಹೇಳಿ, ಆ ಕೌದಿಯ ಗಂಟನ್ನೇ ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಲು ಸಿದ್ಧನಾದ. ಕೇರಿಯ ಹೆಂಗಸರು ಬಂದು ಎದೆ ಬಡಿದುಕೊಂಡು ಅತ್ತರು. ಈಗ ಅಳು ಎಂದು ಅಪ್ಪ ಅವ್ವನ ಕಿವಿಯಲ್ಲಿ ಹೇಳಿದ. ಅವ್ವನಿಗೆ ಅಳು ಬರಲಿಲ್ಲ. ಹರಕು ಕೌದಿಗೆ ಅಳಲು ಅವಳಿಗೇನು ಹುಚ್ಚೇ? ಕಲ್ಲೆದೆಯವಳು ಎಂಬ ಹೆಸರು ಅವಳಿಗೆ ಅವತ್ತೇ ಅಂಟಿತು.

ಹೊಲ ಬಂತು, ಬಾಳೆ ಗೊನೆ ಬಿಟ್ಟಿತು. ಅವ್ವ ಅದರ ಒಂದು ಹಣ್ಣನ್ನೂ ಬಾಯಿಗಿಡಲಿಲ್ಲ.

ಗಂಡ ತೀರಿದ ಮೇಲೆ ನಾನು ಮಗನನ್ನು ಕಟ್ಟಿಕೊಂಡು ತವರಿಗೇ ಬಂದೆ. ಮುಂದೆ ಅಪ್ಪನೂ ಹೋದ. ಅಪ್ಪ ಹೋದದ್ದೇ ತಡ, ಗೌಡರ ಮಗ ಮತ್ತೆ ಬೇಲಿ ಸರಿಸಿದ. ನಾನೂ ಅವ್ವನೂ ಅಪ್ಪನ ದಾರಿ ಹಿಡಿದು ಕಲಬುರಗಿಯ ಕಚೇರಿಗೆ ಹೋದೆವು. ಮುನ್ಸಿಫರು ಉರ್ದುವಿನಲ್ಲಿ ಹೇಳಿದ್ದನ್ನು ಅವರ ಗುಮಾಸ್ತರಾದ ಪೇಷ್ಕಾರರು ನಮ್ಮ ಮಾತಿಗೆ ತಿರುಗಿಸಿದರು. ನನ್ನ ಮಗನಿಗೆ ಮೀಸೆ ಬಂದಿದೆಯಲ್ಲ, ಅವನು ಮಣ್ಣು ಹೊತ್ತು ನಡೆಯಲಿ, ಗೌಡರ ಮಗನೂ ಒಪ್ಪಿದ್ದಾರೆ ಎಂದರು. ಒಪ್ಪದೆ ಏನು? ಅವ್ವ ಮುದುಕಿಯಾಗಿದ್ದಳು, ಹಗಲೂ ರಾತ್ರಿ ಕೆಮ್ಮುತ್ತಿದ್ದಳು. ಯುಗಾದಿ ಇನ್ನೂ ಬಹಳ ದೂರವಿತ್ತು. ಗೌಡರ ಮಗ ಕಾಯುತ್ತಿದ್ದದ್ದು ನಮ್ಮ ಅವ್ವನ ಹೆಣವನ್ನು.

ನನಗೆ ತಡೆಯಲಾಗಲಿಲ್ಲ. ಹೊಲ ಹೋಗುತ್ತದೆಂದು ಗೊತ್ತಿದ್ದೇ ಬಾಯಿಬಿಟ್ಟೆ.

"ನನ್ನ ಮಗ ಹೊರಂಗಿಲ್ರೀ. ನಮ್ಮಪ್ಪ ಹೊತ್ತಾಗ ನನ್ನ ತಮ್ಮ ಯುಗಾದಿಗಿಂತ ಮೊದಲ ಸತ್ತಿದ್ದ. ನಾವು ಮುಚ್ಚಿಟ್ವಿ. ಕೂಸು ಜ್ವರ ಬಂದು ಸತ್ತದರೀ, ಗಡಿ ತಪ್ಪಿ ಅಲ್ಲ. ಹಳ್ಳದ ದಂಡ್ಯಾಗ ಗಡಿ ಕಲ್ಲು ಹೂತದ, ಅಗಿಸಿ ನೋಡ್ರಿ. ನಮ್ಮ ಮನಿ ಹೆಣ ಎಣಸಬ್ಯಾಡ್ರಿ."

ಪೇಷ್ಕಾರರು ಅದನ್ನು ಉರ್ದುವಿಗೆ ತಿರುಗಿಸಿದರು. ಗೌಡರ ಮಗ ಮೀಸೆಯಡಿಯಲ್ಲಿ ನಕ್ಕ. ನಡಿಗೆ ಸುಳ್ಳೆಂದು ನಾವೇ ಒಪ್ಪಿಕೊಂಡಂತಾಯಿತು, ಹೊಲ ಅವರದು ಎಂದು ಹುಕುಂ ಆಯಿತು. ಕಲ್ಲನ್ನು ಯಾರೂ ಅಗೆಸಲಿಲ್ಲ. ಆಮೇಲೆ ನನ್ನ ಮಗ ಮೇಲಿನ ಕಚೇರಿಗಳಿಗೆ ಅಲೆದ, ತಲೆಯ ಮೇಲೆ ಮಣ್ಣಿಲ್ಲದೆ ಅಲೆದ.

ಆದರೆ ಅವತ್ತು ಹುಕುಂ ಓದಿ ಮುಗಿಸುವ ಮೊದಲೇ ಬಾಗಿಲ ಹೊರಗಿಂದ ಒಂದು ದನಿ ಎದ್ದಿತು. ನೆಲಕ್ಕೆ ಕೂತಿದ್ದ ಅವ್ವ ನನ್ನ ಮಾತು ಕೇಳಿಸಿಕೊಂಡಿದ್ದಳು. ತಮ್ಮನ ಹೆಸರು ಹಿಡಿದು ಕರೆಯುತ್ತ, ನೆಲ ಬಡಿಯುತ್ತ ಅಳುತ್ತಿದ್ದಳು. ಜವಾನ ಓಡಿಬಂದು, ಕಚೇರಿಯಲ್ಲಿ ಇದೇನು ಗದ್ದಲ ಎಂದು ಗದರಿದ. ನಾನು ಹೊರಗೆ ಬಂದು ಅಡ್ಡ ನಿಂತೆ.

"ಅಳ್ಲಿ ಬಿಡ್ರೀ," ಅಂದೆ. "ನಮ್ಮ ಮನ್ಯಾಗ ಕೂಸು ಸತ್ತದ."